ಉತ್ತರ: ಅಮ್ಮನ ಪಿತ್ತಕೋಶದ ಕಲ್ಲಿಗೆ ಅರ್ಸೊ ಮಾತ್ರೆ

ಬದಿಯಡ್ಕದವರೇ, 60 ಕಿಲೊ ತೂಕದ ಅಮ್ಮನಿಗೆ 6 ಮಿ.ಮೀ. ಕಲ್ಲು, ಕಲ್ಲು ಕರಗಿಸುವ ಅರ್ಸೊಡಿಆಕ್ಸಿಕೋಲಿಕ್ ಆಸಿಡ್ (ಅರ್ಸೊ) 300 ಮಿ.ಗ್ರಾಂ. ಮಾತ್ರೆ ದಿನಕ್ಕೆರಡು, ಎರಡು ತಿಂಗಳಾದರೂ ಕಲ್ಲು ಹಾಗೇ ಇದೆ, ನಿಲ್ಲಿಸಲೇ ಎಂದು ಕೇಳಿದ್ದೀರಿ. ನೀವಾಗಿ ನಿಲ್ಲಿಸಬೇಡಿ. ಎರಡು ತಿಂಗಳು ಏನೇನೂ ಸಾಲದು. ಕರಗಲು 6ರಿಂದ 24 ತಿಂಗಳು ಬೇಕು. ದಿನಕ್ಕೆ ಕಿಲೊಗೆ 8–10 ಮಿ.ಗ್ರಾಂ. ಲೆಕ್ಕಕ್ಕೆ ಪ್ರಮಾಣವೂ ಸರಿಯಾಗಿದೆ.

ಇದು ಪಿತ್ತದಲ್ಲೇ ಇರುವ ಆಮ್ಲ, ಮೊದಲು ಸಿಕ್ಕಿದ್ದು ಕರಡಿಯ ಪಿತ್ತದಲ್ಲಿ. ಪಿತ್ತಕ್ಕೆ ಸೇರುವ ಕೊಲೆಸ್ಟರಾಲನ್ನು ತಗ್ಗಿಸುತ್ತದೆ. ಆಗ ಕೊಲೆಸ್ಟರಾಲಿನ ಕಲ್ಲು ಹೊರಮೈಯಿಂದ ಸ್ವಲ್ಪಸ್ವಲ್ಪವೇ ಸವೆಯುತ್ತದೆ. ಸುಣ್ಣ ಕಟ್ಟಿದ ಕಲ್ಲು, ಪಿತ್ತದ ಬಣ್ಣದಿಂದಾದ ಕಪ್ಪು ಕಲ್ಲು ಇದಕ್ಕೆ ಕರಗುವುದಿಲ್ಲ. ಹಾಗಾಗಿ ಮಂಗಳೂರಿಗೆ ತೋರಿಸಲು ಹೋದಾಗ ಎರಡು ಕೇಳಿ: ಕಲ್ಲಿನಲ್ಲಿ ಸುಣ್ಣವಿದೆಯೇ, ಊಟದ ಬಳಿಕ ಪಿತ್ತಕೋಶ ಸರಿಯಾಗಿ ಕುಗ್ಗುತ್ತದೆಯೇ.

ಮಾತ್ರೆ ಊಟದ ಜೊತೆಗೇ ಕೊಡಿ. ರಾತ್ರಿ ಗಂಜಿಯೊಂದಿಗಿನದು ತಪ್ಪಬಾರದು. ನೀವು ಬರೆದ ಗ್ಯಾಸಿನ ಬಿಳಿ ಸಿರಪ್ಪಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಈ ಮದ್ದನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ನಡುವೆ 2 ಗಂಟೆಯಾದರೂ ಬಿಡಿ. ಭೇದಿಯಾದರೆ ಡಾಕ್ಟರಿಗೆ ಹೇಳಿ. ಕರಗಿದ ಮೇಲೂ 5 ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಕಟ್ಟುತ್ತದೆ. ಜ್ವರ, ಹಳದಿ ಕಣ್ಣು, ಬಿಡದ ಹೊಟ್ಟೆನೋವು ಕಂಡರೆ ಮಾತ್ರೆ ನಂಬಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.