ಟಿಕಿಂಟರ್ ಅಪ್ಲಿಕೇಶನ್‌ನಲ್ಲಿ ಹಲವು ವಿಂಡೋಗಳನ್ನು ನಿಭಾಯಿಸುವುದು ಹೇಗೆ?

ನೀವು ಪೈಥಾನ್‌ನಲ್ಲಿ ಟಿಕಿಂಟರ್ (ವಿಂಡೋ, ಬಟನ್ ಮಾಡಿಕೊಡುವ ಲೈಬ್ರರಿ) ಬಳಸಿ ಲಾಗಿನ್, ಮುಖ್ಯ ಪರದೆ, ಸೆಟ್ಟಿಂಗ್ಸ್ ಅಂತ ಮೂರು ವಿಂಡೋ ಮಾಡಿದ್ದೀರಿ. ಸೆಟ್ಟಿಂಗ್ಸ್‌ನಲ್ಲಿ ಟೈಪ್ ಮಾಡಿದ್ದು ಖಾಲಿ ಬರುತ್ತದೆ, ಬಟನ್ ಒತ್ತಿದಷ್ಟು ಸಲ ಹೊಸ ವಿಂಡೋ ತೆರೆಯುತ್ತದೆ, ಎಲ್ಲವನ್ನೂ ಮುಚ್ಚಿದರೂ ಪ್ರೋಗ್ರಾಂ ನಿಲ್ಲುವುದಿಲ್ಲ. ಇಷ್ಟೇ ಅಲ್ವಾ? ಮೊದಲನೆಯದರಿಂದ ಶುರು ಮಾಡೋಣ, ಏಕೆಂದರೆ ಅದೇ ಸಮಸ್ಯೆ ನನ್ನ ಎರಡು ದಿನ ತಿಂದಿತ್ತು.

ನಿಮ್ಮ ಕೋಡ್‌ನಲ್ಲಿ ಪ್ರತಿ ವಿಂಡೋಗೂ ಹೊಸದಾಗಿ ಟಿಕೆ ಎಂದು ಕರೆದಿದ್ದೀರಿ. ಟಿಕೆ ಎಂದರೆ ಬರೀ ವಿಂಡೋ ಅಲ್ಲ. ಪ್ರತಿ ಸಲ ಕರೆದಾಗಲೂ ಒಳಗೆ ಬೇರೆಯದೇ ಒಂದು ಟಿಕಲ್ ಇಂಟರ್‌ಪ್ರಿಟರ್ (ಟಿಕಿಂಟರ್‌ನ ಕೆಲಸವನ್ನು ಒಳಗೆ ನಡೆಸುವ ಎಂಜಿನ್) ಹುಟ್ಟುತ್ತದೆ. ಒಂದರಲ್ಲಿರುವುದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಯಜಮಾನ ವಿಂಡೋ (ಮಾಸ್ಟರ್) ಯಾವುದೆಂದು ಹೇಳದೆ ಸ್ಟ್ರಿಂಗ್‌ವಾರ್, ಅಂದರೆ ಟೈಪ್ ಮಾಡಿದ್ದನ್ನು ಹಿಡಿದಿಡುವ ವೇರಿಯೇಬಲ್, ಮಾಡಿದರೆ ಅದು ಮೊದಲ ಟಿಕೆಗೆ ಹೋಗಿ ಅಂಟಿಕೊಳ್ಳುತ್ತದೆ. ನೀವು ಟೈಪ್ ಮಾಡುವ ಎಂಟ್ರಿ ಬಾಕ್ಸ್ ಇರುವುದು ಬೇರೊಂದು ಟಿಕೆಯಲ್ಲಿ. ಟೈಪ್ ಮಾಡಿದ್ದು ಒಂದು ಕಡೆ, ನೀವು ಓದುವುದು ಇನ್ನೊಂದು ಕಡೆ. ಎರರ್ ಕೂಡ ಬರುವುದಿಲ್ಲ, ಅದಕ್ಕೇ ಹುಡುಕುವುದು ಇಷ್ಟು ಕಷ್ಟ. ಚಿತ್ರ ಹಾಕಲು ಹೋದಾಗ 'ಪೈಇಮೇಜ್1 ಇಲ್ಲ' ಎಂಬ ಎರರ್ ಬರುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಆದ್ದರಿಂದ ಇಡೀ ಅಪ್ಲಿಕೇಶನ್‌ಗೆ ಒಂದೇ ಟಿಕೆ, ಒಂದೇ ಮೇನ್‌ಲೂಪ್ (ಕ್ಲಿಕ್, ಟೈಪ್‌ಗಳಿಗಾಗಿ ಕಾಯುತ್ತಾ ಓಡುವ ಲೂಪ್) ಇರಲಿ. ಉಳಿದ ವಿಂಡೋಗಳೆಲ್ಲ ಟಾಪ್‌ಲೆವೆಲ್, ಅಂದರೆ ಆ ಒಂದೇ ಟಿಕೆಗೆ ಸೇರಿದ ಹೆಚ್ಚುವರಿ ವಿಂಡೋ, ಆಗಲಿ.

ಪ್ರೋಗ್ರಾಂ ನಿಲ್ಲದಿರುವುದಕ್ಕೆ ಕಾರಣ ನಿಮ್ಮ ಕೋಡ್‌ನಲ್ಲಿರುವ ವಿತ್‌ಡ್ರಾ, ಅಂದರೆ ವಿಂಡೋವನ್ನು ಬಚ್ಚಿಡುವ ಮೆಥಡ್. ನೀವು ಲಾಗಿನ್ ವಿಂಡೋವನ್ನೇ ಬೇರು (ರೂಟ್, ಅಂದರೆ ಮೂಲ ಟಿಕೆ ವಿಂಡೋ) ಮಾಡಿಕೊಂಡು, ಲಾಗಿನ್ ಆದ ಮೇಲೆ ಅದನ್ನು ಬಚ್ಚಿಟ್ಟಿದ್ದೀರಿ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಬದುಕಿದೆ. ಅದು ಇರುವವರೆಗೆ ಮೇನ್‌ಲೂಪ್ ಓಡುತ್ತಲೇ ಇರುತ್ತದೆ. ನಾನಾದರೆ ಇದನ್ನು ತಿರುಗಿಸುತ್ತೇನೆ: ಮುಖ್ಯ ಪರದೆಯೇ ಬೇರು. ಶುರುವಿನಲ್ಲಿ ಅದನ್ನು ವಿತ್‌ಡ್ರಾ ಮಾಡಿ, ಲಾಗಿನ್ ಅನ್ನು ಟಾಪ್‌ಲೆವೆಲ್ ಆಗಿ ತೆರೆಯಿರಿ. ಪಾಸ್‌ವರ್ಡ್ ಸರಿಯಿದ್ದರೆ ಲಾಗಿನ್ ಅನ್ನು ಡಿಸ್ಟ್ರಾಯ್ ಮಾಡಿ (ಪೂರ್ತಿ ಅಳಿಸಿ), ಬೇರನ್ನು ಡಿಐಕಾನಿಫೈ ಮಾಡಿ (ಮತ್ತೆ ತೋರಿಸಿ). ಲಾಗಿನ್ ಆಗದೆಯೇ ಮೂಲೆಯ ಕ್ಲೋಸ್ ಗುರುತು ಒತ್ತುವವರೂ ಇರುತ್ತಾರೆ. ಅದಕ್ಕೆ ಪ್ರೋಟೋಕಾಲ್ ಮೆಥಡ್‌ನಲ್ಲಿ ಆ ಗುರುತು ಒತ್ತಿದಾಗ ಬರುವ ಡಿಲೀಟ್ ವಿಂಡೋ ಸಂದೇಶವನ್ನು ಹಿಡಿದು, ಅಲ್ಲಿಂದ ಬೇರನ್ನೇ ಡಿಸ್ಟ್ರಾಯ್ ಮಾಡಬೇಕು. ಇದನ್ನು ಮರೆತರೆ ಹಳೆಯ ತೊಂದರೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ.

ಒಂದೇ ವಿಂಡೋ ಮತ್ತೆ ಮತ್ತೆ ತೆರೆಯುವುದಕ್ಕೆ ಪರಿಹಾರ ಸುಲಭ. ತೆರೆದ ಸೆಟ್ಟಿಂಗ್ಸ್ ವಿಂಡೋವನ್ನು ಮುಖ್ಯ ಕ್ಲಾಸ್‌ನಲ್ಲಿ ಒಂದು ಹೆಸರಿಗೆ ಕಟ್ಟಿಡಿ, ಶುರುವಿನಲ್ಲಿ ಅದು None (ಏನೂ ಇಲ್ಲ) ಆಗಿರಲಿ. ಬಟನ್ ಒತ್ತಿದಾಗ ಆ ಹೆಸರಿನಲ್ಲಿ ವಿಂಡೋ ಇದೆಯಾ, ಇದ್ದರೆ ಇನ್ನೂ ಬದುಕಿದೆಯಾ ಎಂದು ವಿನ್‌ಫೋ ಎಕ್ಸಿಸ್ಟ್ಸ್‌ನಿಂದ ನೋಡಿ. ಇದ್ದರೆ ಹೊಸದು ಬೇಡ, ಡಿಐಕಾನಿಫೈ ಮಾಡಿ ಲಿಫ್ಟ್‌ನಿಂದ ಮುಂದೆ ತನ್ನಿ.

ಸೆಟ್ಟಿಂಗ್ಸ್ ತೆರೆದಿರುವಾಗ ಹಿಂದಿನ ಪರದೆಯನ್ನು ಮುಟ್ಟಬಾರದು ಎಂದಿದ್ದರೆ ಟ್ರಾನ್ಸಿಯೆಂಟ್ (ಅದನ್ನು ಮುಖ್ಯ ಪರದೆಯ ಮೇಲೆ ಇಡಲು) ಮತ್ತು ಗ್ರ್ಯಾಬ್‌ಸೆಟ್ (ಕ್ಲಿಕ್, ಟೈಪ್ ಎಲ್ಲ ಅದಕ್ಕೇ ಹೋಗಲು) ಎರಡನ್ನೂ ಬಳಸಿ. ಲಿನಕ್ಸ್‌ನಲ್ಲಿ ವಿಂಡೋ ಪರದೆಗೆ ಬರುವ ಮೊದಲೇ ಗ್ರ್ಯಾಬ್ ಮಾಡಿದರೆ ಎರರ್ ಬರುತ್ತದೆ. ಆದ್ದರಿಂದ ಗ್ರ್ಯಾಬ್‌ಸೆಟ್‌ಗೂ ಮೊದಲು, ವಿಂಡೋ ಕಾಣುವವರೆಗೆ ಕಾಯುವ ವೇಟ್ ವಿಸಿಬಿಲಿಟಿ ಕರೆಯಿರಿ.

ಇಷ್ಟು ಹೇಳಿದ ಮೇಲೂ ಒಂದು ಮಾತು. ಎಲ್ಲದಕ್ಕೂ ಹೊಸ ವಿಂಡೋ ಬೇಕಾ? ಒಂದಾದ ಮೇಲೊಂದು ನೋಡುವ ಪರದೆಗಳಾದರೆ ಒಂದೇ ವಿಂಡೋ ಒಳಗಿನ ಫ್ರೇಮ್‌ಗಳು (ಚೌಕಟ್ಟುಗಳು) ಸಾಕು. ಅವನ್ನು ಗ್ರಿಡ್‌ನ ಒಂದೇ ಜಾಗದಲ್ಲಿ ಇಟ್ಟು, ಬೇಕಾದುದನ್ನು ಟಿಕೆರೇಸ್‌ನಿಂದ ಮೇಲೆ ತರಬಹುದು. ಪಕ್ಕಪಕ್ಕದಲ್ಲಿಟ್ಟು ನೋಡಲೇಬೇಕಾದಾಗ ಮಾತ್ರ ನಾನು ಬೇರೆ ವಿಂಡೋ ಮಾಡುತ್ತೇನೆ. ಬಳಸುವವರಿಗೂ ಅದೇ ಹಿತ.

ಮೊದಲು ಜಾಸ್ತಿ ಇರುವ ಟಿಕೆಗಳನ್ನು ತೆಗೆದು ಓಡಿಸಿ ನೋಡಿ. ಆಮೇಲೂ ಖಾಲಿಯೇ ಬಂದರೆ, ಟೈಪ್ ಮಾಡಿದ್ದನ್ನು ಓದುವ ಗೆಟ್ ಅನ್ನು ಎಲ್ಲಿ ಕರೆದಿದ್ದೀರಿ ನೋಡಿ. ವಿಂಡೋ ಮಾಡಿದ ಮರುಸಾಲಿನಲ್ಲೇ ಕರೆದರೆ ಯಾರೂ ಇನ್ನೂ ಏನೂ ಟೈಪ್ ಮಾಡಿರುವುದಿಲ್ಲ. ಅದು ಸೇವ್ ಬಟನ್‌ನ ಫಂಕ್ಷನ್ ಒಳಗೆ ಇರಬೇಕು.