ವಾಯೇಜರ್ ನೌಕೆ ಭೂಮಿ ಹೋದ ಮೇಲೂ ಉಳೀತದಾ?

ಹೆಚ್ಚುಕಮ್ಮಿ ಉಳೀತದೆ. 1977ರಲ್ಲಿ ಅಮೆರಿಕದ ನಾಸಾ ಹಾರಿಸಿದ ಬಾಹ್ಯಾಕಾಶ ನೌಕೆ ವಾಯೇಜರ್ 1, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಾ ಉಂಟು, ಅಂದ್ರೆ ನಮ್ಮ ಕಾಸರಗೋಡಿಂದ ಮಂಗಳೂರಿಗೆ ಮೂರೇ ಸೆಕೆಂಡು ಮಾರಾಯ್ರೆ, ನಮ್ಗೆ ಬಸ್ಸಲ್ಲಿ ತಲಪಾಡಿ ದಾಟುವಷ್ಟ್ರಲ್ಲೇ ಸುಸ್ತು. ಆದ್ರೂ ಗ್ಲೀಸ್ 445 ಅನ್ನೋ ನಕ್ಷತ್ರದ ಹತ್ರ ಹೋಗ್ಲಿಕ್ಕೆ ಸುಮಾರು 40,000 ವರ್ಷ ಬೇಕು, ಹತ್ರ ಅಂದ್ರೂ 1.6 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗುವಷ್ಟು ದೂರವೇ ಒಂದು ಜ್ಯೋತಿರ್ವರ್ಷ) ದೂರ!

ಇತ್ತ ಸೂರ್ಯನ ಬಿಸಿ ನಿಧಾನಕ್ಕೆ ಏರ್ತಾ ಉಂಟು, ಇನ್ನು ಸುಮಾರು ನೂರು ಕೋಟಿ ವರ್ಷಕ್ಕೆ ಕಡಲೆಲ್ಲ ಆರಿ ಹೋಗ್ತದೆ, ಬೇಕಲ ಕೋಟೆ ಕೆಳಗೆ ತೆರೆ ಬಡಿಯೂದಿಲ್ಲ, 500 ಕೋಟಿ ವರ್ಷದ ಹೊತ್ತಿಗೆ ಸೂರ್ಯ ಉಬ್ಬಿ ಭೂಮಿಯನ್ನು ನುಂಗಿದ್ರೂ ನುಂಗೀತು. ಅಲ್ಲಿ ನೌಕೆಗೆ ಗಾಳಿ ಇಲ್ಲ ಮಳೆ ಇಲ್ಲ, ತುಕ್ಕು ಹಿಡಿಯೂದಿಲ್ಲ, ಧೂಳು ತಾಗಿ ಸ್ವಲ್ಪ ಸ್ವಲ್ಪ ಸವೆಯೂದಷ್ಟೆ. ಆದ್ರೆ ಆಗ ಅದು ಸಿಗ್ನಲ್ ಕಳಿಸಿ ಮಾತಾಡ್ಲಿಕ್ಕಿಲ್ಲ, ಪ್ಲುಟೋನಿಯಂ ಅನ್ನೋ ವಿಕಿರಣ ಲೋಹದ ಬಿಸಿಯಿಂದ ಬರುವ ಕರೆಂಟು ವರ್ಷ ವರ್ಷ ಕಮ್ಮಿ ಆಗಿ ಈಗಲೇ ಒಂದೊಂದೇ ಉಪಕರಣ ಆಫ್ ಮಾಡ್ತಾ ಇದ್ದಾರೆ.

ಅದ್ರ ಮೈಗೆ ಚಿನ್ನದ ಲೇಪದ ತಾಮ್ರದ ಗ್ರಾಮಾಫೋನ್ ರೆಕಾರ್ಡ್ ಒಂದು ಸಿಕ್ಕಿಸಿದ್ದಾರೆ, 55 ಭಾಷೆಯ ಶುಭಾಶಯ, ಅದ್ರಲ್ಲಿ ಕನ್ನಡವೂ ಉಂಟು. ಇಲ್ಲಿ ಬಸ್ಸಿನ ಬೋರ್ಡಲ್ಲಿ ಕನ್ನಡ ಹುಡುಕ್ಬೇಕು, ಅಲ್ಲಿ ಹುಡುಕದೇ ಸಿಗ್ತದೆ 😄