ಕಡಲಾಚೆಯ ತಮ್ಮನಿಗೆ ತೋಟದ ಸುದ್ದಿ

ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: ತೋಟ ಅಣ್ಣತಮ್ಮಂದಿರಿಬ್ಬರದು, ತಮ್ಮ ಅಮೆರಿಕದಲ್ಲಿದ್ದಾನೆ. ‘ಕೊಳೆ (ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಬಂದಿದೆ, ಫಸಲು ಕಮ್ಮಿ’ ಎಂದರೆ ‘ಔಷಧಿ ಹೊಡೆಸಲಿಲ್ಲವೇ?’ ಎಂದು ಕೇಳುತ್ತಾನೆ. ಹೊಡೆಸಿದ್ದೇವೆ. ಹೇಗೆ ಬರೆದರೆ ಅವನಿಗೆ ಅರ್ಥವಾದೀತು?

ಸಂಪಾದಕರ ಉತ್ತರ: ತಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ. ನೀವು ಬರೆದದ್ದು ತೀರ್ಮಾನ. ಅವನಿಗೆ ಬೇಕಾದದ್ದು ನೀವು ಕಂಡದ್ದು, ಮಾಡಿದ್ದು.

ಮೊದಲು ತಾರೀಕು. ಮಳೆ ಹಿಡಿಯುವ ಮುಂಚೆ ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸಬೇಕು. ಎರಡನೆಯದು ತಡವಾಗಿದ್ದರೆ ಮಳೆ ನಿಂತು ಹೊಳವಾಗಲಿಲ್ಲವೋ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗಲಿಲ್ಲವೋ, ಅದನ್ನೂ ಬರೆಯಿರಿ. ಸಾಮಾನ್ಯವಾಗಿ ಕೊಳೆ ನುಗ್ಗುವುದು ಆ ಅಂತರದಲ್ಲೇ.

ದ್ರಾವಣ ಮಾಡಿದ ಬಗೆಯನ್ನೂ ತಿಳಿಸಿ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ ಕರಗಬೇಕು. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡಿ: ಅಲಗಿಗೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಗಾಳಿಗೆ ಬಿಟ್ಟ ಹಳೆ ಸುಣ್ಣ ಬಳಸಿದರೆ ತೂಕ ಸರಿಯಿದ್ದರೂ ಹೀಗಾಗುತ್ತದೆ. ಕಲಸಿದ್ದನ್ನು ಆ ದಿನವೇ ಮುಗಿಸಬೇಕು, ಮರುದಿನಕ್ಕೆ ಅದರ ಅಂಟು ಹೋಗುತ್ತದೆ. ಇಷ್ಟನ್ನು ಬರೆದರೆ ‘ಹೊಡೆಸಿದೆವು’ ಎಂಬ ಮಾತಿಗೆ ತೂಕ ಬರುತ್ತದೆ.

‘ಕಮ್ಮಿ’ ಎನ್ನುವ ಬದಲು ಎಣಿಸಿ. ತಗ್ಗಿನಲ್ಲಿ ಹತ್ತು ಮರ, ಎತ್ತರದಲ್ಲಿ ಹತ್ತು ಮರ ಗುರುತಿಟ್ಟು, ಒಟ್ಟು ಕೊನೆ (ಅಡಿಕೆ ಗೊನೆ) ಎಷ್ಟು, ಕೊಳೆತ ಕೊನೆ ಎಷ್ಟು ಎಂದು ಪ್ರತಿ ವರ್ಷ ಅವೇ ಮರಗಳಲ್ಲಿ ನೋಡಿ. ಉದುರಿದ ಕಾಯಿಯ ತೊಟ್ಟಿನ ಕಡೆ ನೀರು ಕುಡಿದಂಥ ಕಡುಹಸಿರು ಕಲೆ, ಮೇಲೆ ಬಿಳಿ ಬೂಷ್ಟು ಇದ್ದರೆ ಕೊಳೆ. ಎಲೆಗೆ ಬರುವ ಎಲೆಚುಕ್ಕಿ ರೋಗದ ಲೆಕ್ಕ ಬೇರೆ ಇಡಿ. ಫೋಟೋ ಕಳಿಸುವುದಾದರೆ ಇಡೀ ತೋಟದ್ದು ಬೇಡ, ಅಂಗೈ ಮೇಲಿಟ್ಟ ಒಂದು ಕಾಯಿಯದು ಸಾಕು.

ತಮ್ಮನಿಗೆ ಅಮ್ಮನ ಆರೋಗ್ಯದ ಸುದ್ದಿ ಬರೆಯುವಾಗಲೂ ಹಾಗೆಯೇ. ‘ಆರಾಮ’ ಎಂದಷ್ಟೇ ಬರೆಯಬೇಡಿ. ಬಿಪಿ ಎಷ್ಟಿತ್ತು, ಯಾವ ಮಾತ್ರೆ ಬದಲಾಯಿತು, ಯಾವ ತಾರೀಕಿನಿಂದ ಎಂದು ತಿಳಿಸಿ. ದೂರದಲ್ಲಿರುವವರ ಆತಂಕ ಹೆಚ್ಚುವುದು ಇಂಥ ವಿವರ ಸಿಗದಾಗ.

ಮಳೆ ಹಿಡಿದೇ ಇದ್ದರೆ ಮೂರನೆಯ ಸಿಂಪರಣೆ ಬೇಕಾಗುತ್ತದೆ. ಅದಕ್ಕೆ ತಮ್ಮನ ಉತ್ತರ ಕಾಯುತ್ತ ಕೂರಬೇಡಿ. ಹೊಳವಾದ ದಿನ ಹೊಡೆಸಿ, ಸಂಜೆ ತಿಳಿಸಿ. ಹಾಗೆ ಮಾಡಲು ಅವನ ಒಪ್ಪಿಗೆಯನ್ನೂ ಖರ್ಚಿನ ಮಿತಿಯನ್ನೂ ಮೇ ತಿಂಗಳಲ್ಲೇ ಮಾತಾಡಿ, ಬರೆದಿಟ್ಟುಕೊಳ್ಳಿ.